ಕಡಿಯುವ ಮೊದಲು ಒಂದು ಪೂಜೆ

ಮನೆ ಮುಂದಿನ ಮರ ತೆಗೆಸಬೇಕೆಂದಿರುವ ಸಮಸ್ತ ಗೃಹಸ್ಥರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಲಹೆಗಾಗಿ ದಯವಿಟ್ಟು ನನ್ನ ಹತ್ತಿರ ಬರಬೇಡಿ. ಹೋದ ವರ್ಷ ಬಂದಿದ್ದರೆ ಕೂರಿಸಿ, ಕಾಫಿ ಕೊಟ್ಟು ಹೇಳುತ್ತಿದ್ದೆ. ಆಗ ನಾನು ಈ ವಿಷಯದಲ್ಲಿ ಪಂಡಿತನಾಗಿದ್ದೆ!

ನನ್ನ ಉದ್ಯೋಗವೇ ಅಂಥದ್ದು. ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ವಿಮಾ ಕಚೇರಿಯಲ್ಲಿ ಕೂತು, ಗೋಡೆ ಬಿದ್ದವರನ್ನೂ ಗೋದಾಮಿಗೆ ನೀರು ನುಗ್ಗಿದವರನ್ನೂ "ಮುನ್ನೆಚ್ಚರಿಕೆ ಯಾಕೆ ತಗೊಳ್ಳಲಿಲ್ಲ?" ಎಂದು ಕೇಳುವುದು. ಇಪ್ಪತ್ತೆರಡು ವರ್ಷ ಇದೊಂದೇ ಪ್ರಶ್ನೆ ಕೇಳಿ, ಮುನ್ನೆಚ್ಚರಿಕೆ ಎಂಬ ವಸ್ತು ಲೋಕದಲ್ಲಿ ಇರುವುದು ನನ್ನೊಬ್ಬನ ಹತ್ತಿರ ಎಂಬ ನಂಬಿಕೆ ಬಲಿತಿತ್ತು. ಊರು ಮಂಡ್ಯದ ಕಡೆ. ಈಗ ತಮಿಳು ಸೀಮೆಯ ಪೆರಂಬೂರಿನಲ್ಲಿ ಸ್ವಂತ ಮನೆ, ಮನೆ ಮುಂದೆ ಒಂದು ಬೇವಿನ ಮರ.

ಮರದ ಮೇಲೆ ನನಗೇನೂ ದ್ವೇಷವಿರಲಿಲ್ಲ. ಆದರೆ ಅದರ ಬೇರು ನಮ್ಮ ನೆಲದಡಿಯ ನೀರಿನ ಸಂಪಿಗೆ ನುಗ್ಗಿತ್ತು. ಬೆಳಿಗ್ಗೆ ತುಂಬಿದ ನೀರು ಸಂಜೆಗೆ ಅರ್ಧ. ನನ್ನ ಹೆಂಡತಿ ಪದ್ಮಾ ಒಂದು ದಿನ ಸಂಪಿನೊಳಗೆ ಕೈ ಹಾಕಿ, ಜಡೆಯಷ್ಟು ದಪ್ಪದ ಬೇರನ್ನು ಹಿಡಿದು ತೋರಿಸಿದಳು.

"ನೋಡ್ರೀ, ಸಂಪು ಒಡೀತು ಅಂದ್ರೆ ಬಿಂದಿಗೆ ಹಿಡ್ಕೊಂಡು ನೀರಿನ ಲಾರಿ ಹಿಂದೆ ಓಡೋದು ನೀವು. ನನಗೆ ಮಂಡಿನೋವು, ಮೊದ್ಲೇ ಹೇಳಿದೀನಿ."

"ನಾನಿರುವಾಗ ಸಂಪು ಒಡೆಯುವುದೇ!" ಎಂದೆ.

ಸ್ವಂತ ಜಾಗದ ಮರವಾದರೂ ಅನುಮತಿ ಇಲ್ಲದೆ ಮುಟ್ಟಬಾರದು. ಇದು ಗೃಹಸ್ಥರು ಮೊದಲು ತಿಳಿಯಬೇಕಾದದ್ದು. ನಾನು ಮೂರು ಪುಟದ ಅರ್ಜಿ ಬರೆದೆ. ಬೇರಿನ ಪಕ್ಕ ಸ್ಕೇಲು ಇಟ್ಟು ಫೋಟೋ ತೆಗೆದು ಲಗತ್ತಿಸಿದೆ. ಸರ್ಕಾರಿ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು, ಮರ ಅಳೆದು, ಸಂಪು ಇಣುಕಿ ನೋಡಿ ಹೋದರು. ಅನುಮತಿ ಬಂದೇಬಿಟ್ಟಿತು! ಸರ್ಕಾರವನ್ನು ಬೈಯುವ ಅವಕಾಶವೂ ನನಗೆ ಸಿಗಲಿಲ್ಲ. ಮುಂದೆ ನಡೆದದ್ದೆಲ್ಲ ಶುದ್ಧ ಸ್ವಂತ ಪರಿಶ್ರಮ.

ಮರ ಕಡಿಯಲು ಮುರುಗೇಶನ್ ಎಂಬ ಮೇಸ್ತ್ರಿಯನ್ನು ಗೊತ್ತು ಮಾಡಿದೆ. ನಲವತ್ತು ವರ್ಷದ ಅನುಭವಸ್ಥ. ಕೊಂಬೆ ಮೊದಲು, ಕಾಂಡ ಆಮೇಲೆ, ಕರೆಂಟಿನ ತಂತಿ ಕಡೆ ಹಗ್ಗ ಕಟ್ಟಬೇಕು ಎಂದೆಲ್ಲ ಅವನಿಗೇ ಪಾಠ ಮಾಡಿದೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, "ಸಾರ್, ಮರ ಹತ್ತೋದು ನೀವಾ, ನಾನಾ?" ಎಂದ. ಅವನು ಹೇಳಿದ್ದು ತಮಿಳಿನಲ್ಲಿ. ಕೆಣಕಿದ್ದು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಶನಿವಾರ ಬೆಳಿಗ್ಗೆ ಬರುವುದೆಂದು ನಿಶ್ಚಯವಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಮ್ಮ ಕಡೆ ದೊಡ್ಡ ಮರ ಕಡಿಯುವ ಹಿಂದಿನ ದಿನ ಅದಕ್ಕೆ ಪೂಜೆ ಮಾಡುವ ಪದ್ಧತಿ ಇದೆ. ಮರದಲ್ಲಿರುವ ಹಕ್ಕಿ, ಹಾವು, ದೇವರು, ದೆವ್ವ ಎಲ್ಲರಿಗೂ "ತಪ್ಪಾಯ್ತು, ಬೇರೆ ಕಡೆ ಹೋಗಿ" ಎಂದು ಕೈಮುಗಿಯುವುದು. ಬಾಡಿಗೆದಾರರಿಗೆ ಕೊಡುವ ನೋಟೀಸಿನ ಹಾಗೆ. ನಾನು ಗೋಡೆಯ ಮೇಲಿದ್ದ, ಊರಿಂದ ತಂದ ಕ್ಯಾಲೆಂಡರ್ ನೋಡಿದೆ.

"ಪದ್ಮಾ, ಆಷಾಢ ಮುಗಿದು ಶ್ರಾವಣ ಬಂದಿದೆ. ಶುಕ್ರವಾರ ಪೂಜೆ, ಶನಿವಾರ ಕಡಿತ. ಬೊಂಬಾಟ್!"

"ಶ್ರಾವಣ ನಮಗೆ ಕಣ್ರೀ. ಇಲ್ಲಿಯವರಿಗೆ ಇನ್ನೂ ಆಡಿ ತಿಂಗಳು ನಡೀತಿದೆ. ಆಡಿ ಶುಕ್ರವಾರ ಬೇವಿನ ಮರದ ತಂಟೆ ಬೇಡ."

"ಮರ ಯಾರದ್ದು? ನಮ್ದು. ಅಂದ್ಮೇಲೆ ಕ್ಯಾಲೆಂಡರೂ ನಮ್ದೇ!"

ಆಡಿ ಎಂದರೆ ಇಲ್ಲಿ ಅಮ್ಮನವರ ತಿಂಗಳು. ಬೀದಿಬೀದಿಯ ಮಾರಿಯಮ್ಮನ ಗುಡಿಯಲ್ಲಿ ಮೈಕು, ಅಂಬಲಿ, ಬೇವಿನ ಸೊಪ್ಪು. ಕೆಲವು ವರ್ಷ ನಮ್ಮ ಆಷಾಢ ಮುಗಿದ ಮೇಲೂ ಅವರ ಆಡಿ ಎರಡು ಮೂರು ವಾರ ಉಳಿದಿರುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಮಾಡಿದ್ದಕ್ಕೆ ನಮ್ಮ ಕಚೇರಿಯಲ್ಲಿ ಬೇರೆ ಪದವೇ ಇದೆ. ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ.

"ಹೋಗ್ಲಿ, ಒಂದು ಊದುಬತ್ತಿ ಹಚ್ಚಿ ಕೈಮುಗಿದುಬಿಡಿ" ಎಂದಳು ಪದ್ಮಾ. ಊದುಬತ್ತಿಯೇ? ನಾನೇನು ಅಷ್ಟು ಜುಗ್ಗನೇ? ಕಾಂಡ ತೊಳೆದು ಮೊಳದುದ್ದ ಅರಿಶಿನ ಬಳಿದೆ. ಅಂಗೈಯಗಲ ಕುಂಕುಮ ಇಟ್ಟೆ. ಹಳದಿ ರವಿಕೆ ಕಣ ಸುತ್ತಿದೆ, ಹೂವಿನ ಹಾರ ಹಾಕಿದೆ, ನಿಂಬೆಹಣ್ಣು ಕೊಯ್ದಿಟ್ಟೆ, ಕಾಯಿ ಒಡೆದೆ. ಮದುವೆಯ ದಿನ ನನಗೂ ಅಷ್ಟು ಅಲಂಕಾರ ನಡೆದಿರಲಿಲ್ಲ. ಕ್ಷಮೆ ಕೇಳಿ, ತೃಪ್ತಿಯಿಂದ ಆಫೀಸಿಗೆ ಹೋದೆ.

ಸಂಜೆ ಬೀದಿಯ ತಿರುವಿಗೆ ಬಂದು ನೋಡುತ್ತೇನೆ, ನಮ್ಮ ಗೇಟಿನ ಮುಂದೆ ರಾಶಿ ಚಪ್ಪಲಿ! ಯಾರು ಹೋದರಪ್ಪಾ ಎಂದು ಓಡಿದೆ. ಯಾರೂ ಹೋಗಿರಲಿಲ್ಲ. ಬಂದಿದ್ದರು. ಮೂವತ್ತು ಜನ ಹೆಂಗಸರು ಮರದ ಸುತ್ತ ನಿಂತಿದ್ದರು. ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಉರಿಯುತ್ತಿತ್ತು. ನಾನು ಸುತ್ತಿದ್ದ ರವಿಕೆ ಕಣದ ಮೇಲೆ ಯಾರೋ ಕೆಂಪು ಸೀರೆ ಉಡಿಸಿದ್ದರು.

ಎದುರು ಮನೆಯ ಕಸ್ತೂರಿ ಅಕ್ಕ ಮುಂದೆ ಬಂದರು. ನಿವೃತ್ತ ಸ್ಕೂಲ್ ಮೇಡಂ. ನಮ್ಮ ಬೀದಿಯಲ್ಲಿ ಯಾರಿಗೆ ಎಷ್ಟು ಮರ್ಯಾದೆ ಎಂದು ತೀರ್ಮಾನಿಸುವವರು ಅವರೇ. ನನ್ನನ್ನು ಕಂಡು ಕೈ ಜೋಡಿಸಿದರು!

"ಸಾರ್, ಆಡಿ ವೆಳ್ಳಿ ದಿನ, ಶುಕ್ರವಾರ ನೋಡಿ ಪೂಜೆ ಮಾಡಿದೀರ! ಎದುರಿಗೇ ಇದ್ದು ಇಷ್ಟು ವರ್ಷ ನಮಗೆ ಗೊತ್ತಾಗಲಿಲ್ಲ, ಕನ್ನಡದವರಾದ ನಿಮಗೆ ಅಮ್ಮ ಗೊತ್ತಾದಳಲ್ಲ! ಕನಸಿನಲ್ಲಿ ಬಂದಳಾ ಸಾರ್?"

ಇಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: "ಅಕ್ಕಾ, ನಾಳೆ ಇದನ್ನು ಕಡಿಸ್ತಾ ಇದೀನಿ." ಆದರೆ ಮೂವತ್ತು ಜೊತೆ ಕಣ್ಣು ನನ್ನನ್ನೇ ಭಕ್ತಿಯಿಂದ ನೋಡುತ್ತಿದ್ದವು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಹೂಂ... ಬಂದ ಹಾಗಿತ್ತು" ಎಂದೆ.

"ಹೇಗಿದ್ದಳು?"

"ಮಲ್ಲಿಗೆ ಮುಡಿದಿದ್ದಳು." ಇದನ್ನು ಹೇಳಿದ್ದು ನಾನೇ ಎಂದು ನನಗೇ ನಂಬಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪದ್ಮಾ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಮಲ್ಲಿಗೆ ಬೇರೆ ಮುಡ್ಕೊಂಡಿದ್ಲಾ?"

"ನಾಳೆ ಬೆಳಿಗ್ಗೆ ಯಾರೂ ಏಳೋದ್ರೊಳಗೆ ಕಡಿಸಿ ಮುಗಿಸಿಬಿಡೋಣ, ಪದ್ಮಾ."

"ಮರ ಕಣ್ರೀ ಅದು. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಹಾಗಲ್ಲ."

ಮುರುಗೇಶನ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಕಸ್ತೂರಿ ಅಕ್ಕ ಅವನಿಗಿಂತ ಮೊದಲೇ ಬಂದು ಮರದ ಬುಡದಲ್ಲಿ ರಂಗೋಲಿ ಹಾಕುತ್ತಿದ್ದರು. ಅವನು ಮರ ನೋಡಿದ. ಚಪ್ಪಲಿ ಕಳಚಿದ. ಗರಗಸವನ್ನು ಬುಡದಲ್ಲಿಟ್ಟು ಅಡ್ಡಬಿದ್ದ.

"ಸಾರ್, ಮರ ಕಡೀಬೇಕು ಅಂದ್ರಿ. ಇದು ಕೋವಿಲ್ ಸಾರ್, ಗುಡಿ! ನನಗೆ ಮೂರು ಹೆಣ್ಣುಮಕ್ಕಳಿದಾರೆ."

"ಮುರುಗೇಶನ್, ಮೆಲ್ಲಗೆ..." ಎಂದು ಕಣ್ಸನ್ನೆ ಮಾಡಿದೆ.

ನಲವತ್ತು ವರ್ಷ ಮರದ ತುದಿಯಿಂದ ಕೂಗಿ ಮಾತಾಡಿದವನಿಗೆ ಮೆಲ್ಲಗೆ ಎಂಬುದು ಎಲ್ಲಿ ಬರಬೇಕು? "ನೀವೇ ತಾನೆ ಸಾರ್ ಕಡಿಯೋಕೆ ಕರೆದಿದ್ದು!" ಎಂದ. ಇಡೀ ಬೀದಿಗೆ ಕೇಳಿಸಿತು. ವಿಭೂತಿ ಹಚ್ಚಿಕೊಂಡು, ಗರಗಸ ಎತ್ತಿಕೊಂಡು ಹೊರಟೇಹೋದ.

ಕಸ್ತೂರಿ ಅಕ್ಕ ರಂಗೋಲಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತು ನನ್ನನ್ನು ನೋಡಿದರು. ಧರ್ಮದೇಟು ಗ್ಯಾರಂಟಿ ಎಂದುಕೊಂಡು ಕನ್ನಡಕ ತೆಗೆದು ಜೇಬಿಗಿಟ್ಟೆ. ಅವರು ಎರಡೂ ಕೈ ಮೇಲೆತ್ತಿ ಬೀದಿಯವರಿಗೆಲ್ಲ ಹೇಳಿದರು: "ಅಮ್ಮನ ಶಕ್ತಿ ನೋಡಿದಿರಾ? ಕಡಿಯೋಕೆ ಹೊರಟವನ ಕೈಯಿಂದಲೇ ಪೂಜೆ ಮಾಡಿಸಿಕೊಂಡಿದ್ದಾಳೆ!"

ನಿನ್ನೆಯ 'ಸಾರ್' ಇವತ್ತು 'ಅವನು' ಆಗಿದ್ದ. ಮರದ ಮಹಿಮೆಗೆ ನಾನೇ ಸಾಕ್ಷಿ! ಪಕ್ಕದ ಬೀದಿಗಳಿಂದ ಬಂದವರು ಮೊದಲು ಮರಕ್ಕೆ ಕೈಮುಗಿದು, ಆಮೇಲೆ ಕಿಟಕಿಯಲ್ಲಿ ಇಣುಕಿ, "ಇವರೇನಾ ಆ ಪಾಪಿ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಬೇರೆ ಮರದ ಮೇಸ್ತ್ರಿಗಳಿಗೆ ಫೋನ್ ಮಾಡಿದೆ. ವಿಳಾಸ ಹೇಳುತ್ತಿದ್ದಂತೆ "ಆ ಮರವಾ?" ಎಂದು ಇಟ್ಟುಬಿಡುತ್ತಿದ್ದರು.

ಇನ್ನು ಅಭಿಷೇಕ. ಮಂಗಳವಾರ, ಶುಕ್ರವಾರ ಬುಡಕ್ಕೆ ಕೊಡಗಟ್ಟಲೆ ಅರಿಶಿನ ನೀರು ಸುರಿಯುತ್ತಿದ್ದರು. ನೀರು ಎಲ್ಲಿಂದ? ಗೇಟಿನ ಪಕ್ಕದ ನಮ್ಮ ನಲ್ಲಿಯಿಂದ, ಅಂದರೆ ನಮ್ಮ ಸಂಪಿನಿಂದ! ಬೇಡ ಎನ್ನಲು ಪಾಪಿಗೆ ಬಾಯಿ ಎಲ್ಲಿದೆ? ಮರ ನಮ್ಮ ನೀರನ್ನು ಮೇಲಿಂದಲೂ ಕುಡಿಯಿತು, ಕೆಳಗಿಂದಲೂ ಕುಡಿಯಿತು. ಅಂಥ ಚಿಗುರನ್ನು ನಾನು ಯಾವ ಬೇವಿನ ಮರದಲ್ಲೂ ಕಂಡಿಲ್ಲ.

ಆಡಿ ಮುಗಿಯುವ ಮೊದಲೇ ಸಂಪು ಮುಗಿಯಿತು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು, ತಳದಲ್ಲಿ ಬರೀ ಕೆಸರು. ಪದ್ಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಒಂದು ಬಿಂದಿಗೆ ನನ್ನ ಕೈಗೆ ಕೊಟ್ಟು, ಓಡಲ್ಲ ಎಂದಿದ್ದವಳು ತಾನೂ ಒಂದು ಎತ್ತಿಕೊಂಡಳು. ಲಾರಿಯಿಂದ ನೀರು ಹಿಡಿದು, ಕುಂಟುತ್ತಾ ನನ್ನ ಮುಂದೆ ನಡೆದು ಬಂದಳು. ಅವಳ ಹಿಂದೆ ಬರುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

"ತಪ್ಪಾಯ್ತು ಕಣೇ" ಎಂದೆ.

"ನೀವು ಕ್ಷಮೆ ಕೇಳಿದ್ರೇನೇ ನನಗೆ ಭಯ" ಎಂದಳು.

ಹೊಸ ಸಂಪು ಕಟ್ಟಲು ಗಾರೆ ಮೇಸ್ತ್ರಿ ಬಂದ. ಬೇರಿಲ್ಲದ ಜಾಗ ಬೇಕು ಎಂದು ಅಲ್ಲಲ್ಲಿ ಅಗೆದು ನೋಡಿದ. ಎಲ್ಲಿ ಅಗೆದರೂ ಬೇರು! ಕೊನೆಗೆ ಮನೆಯ ಮುಂಭಾಗದ ನನ್ನ ಕೋಣೆಯ ಮೂಲೆ ತೋರಿಸಿ, ಇದೊಂದೇ ಜಾಗ, ಆದರೆ ಈ ಕೋಣೆ ಮತ್ತು ಪೋರ್ಟಿಕೋ ಒಡೆಯಬೇಕು ಎಂದ. ಒಡೆದ. ಈಗ ಅಲ್ಲಿ ಗಟ್ಟಿಮುಟ್ಟಾದ ಸಂಪು ಇದೆ. ಪದ್ಮಾಳಿಗೆ ನೀರಿದೆ. ನನ್ನ ಮೇಜು ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಇದೆ.

ಮೊನ್ನೆ ಅನುಮತಿ ಕೊಟ್ಟ ಅಧಿಕಾರಿ ಕೆಲಸ ಆಯಿತೇ ಎಂದು ನೋಡಲು ಬಂದರು. ಗೇಟಿನಲ್ಲಿ ನಿಂತು, ಸೀರೆ ಉಟ್ಟು ಹುಲುಸಾಗಿ ನಿಂತಿದ್ದ ಮರವನ್ನು ನೋಡಿದರು. ಮುಖವೇ ಇಲ್ಲದ ಮನೆಯನ್ನು ನೋಡಿದರು. ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಓದಿಕೊಂಡರು.

"ಸಾರ್, ನೀವು ಅರ್ಜಿ ಹಾಕಿದ್ದು ಯಾವುದನ್ನು ತೆಗೆಸೋಕೆ?"

ಅವರು ಪಾಪ ಒಳ್ಳೆಯವರು, ನಗಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದರು: "ಮರ ಸುಸ್ಥಿತಿಯಲ್ಲಿದೆ. ಮನೆಯ ಮುಂಭಾಗವನ್ನು ತೆಗೆಯಲಾಗಿದೆ." ಕೆಳಗೆ ಮಾಲೀಕರ ಸಹಿ ಬೇಕೆಂದು ಪೆನ್ನು ಕೊಟ್ಟರು.

"ಓದಿ ಹಾಕ್ರೀ" ಎಂದಳು ಪದ್ಮಾ.

ಓದಿದೆ. ಎರಡು ಸಲ ಓದಿದೆ. ತಪ್ಪು ಹುಡುಕುವುದರಲ್ಲಿ ಇಪ್ಪತ್ತೆರಡು ವರ್ಷದ ಅನುಭವ ನನ್ನದು. ಒಂದೂ ಸಿಗಲಿಲ್ಲ. ಸಹಿ ಹಾಕಿದೆ!