ಅತ್ತೆಯ ಮುಖ ತೊಳೆದದ್ದು

ನಮ್ಮ ಅತ್ತೆಯ ಮುಖ ಅಳಿಸಿದ್ದು ಗೆದ್ದಲಲ್ಲ, ಶೀತವಲ್ಲ, ಕಪಿಲಾ ನದಿಯ ಪ್ರವಾಹವೂ ಅಲ್ಲ. ನಾನು. ಸೀಗೆಪುಡಿ ಕಲಸಿದ ನೀರು, ಹಳೆಯ ಸೀರೆಯ ತುಂಡು, ಈ ಎರಡು ಕೈ. ಅಷ್ಟೇ ನಡೆದದ್ದು. ನೆಂಟರು ಬಂದು, “ಕಾಲ ಕಣಮ್ಮ, ಕಾಲ ಎಲ್ಲಾನೂ ಅಳಿಸ್ತದೆ” ಎಂದು ಸಮಾಧಾನ ಹೇಳುತ್ತಾರೆ. ಕಾಲ ಅಷ್ಟು ವರ್ಷ ಕೂತು ತಿಕ್ಕಿದರೂ ಆಗದ ಕೆಲಸವನ್ನು ನಾನು ಲೋಟದ ಕಾಫಿ ಆರುವಷ್ಟರಲ್ಲಿ ಮಾಡಿ ಮುಗಿಸಿದ್ದೆ. ಹೆಣ್ಣೆಂದರೆ ಕೈ ಚುರುಕಾಗಿರಬೇಕು ಎಂದು ನನ್ನ ತವರೂರು ಹೆಡತಲೆಯಲ್ಲಿ ನಮ್ಮವ್ವ ಹೇಳಿಕೊಟ್ಟಿದ್ದಳು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಅತ್ತೆಯದು ಎಂದು ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಫೋಟೋ. ಮಾವನವರು ಕೋಟು ಹಾಕಿ ನಿಂತಿದ್ದಾರೆ, ಅತ್ತೆ ಕುರ್ಚಿಯ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ಸ್ಟುಡಿಯೋದವನ ಹೂಕುಂಡ. ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿ, ಬಾಗಿಲ ಮೇಲೆ, ಮುಂದಕ್ಕೆ ಬಾಗಿ ಬಿದ್ದೇ ಹೋಗುವ ಹಾಗೆ ನೇತಾಡುತ್ತಿತ್ತು. ಅತ್ತೆ ಮುತ್ತೈದೆಯಾಗಿ ಹೋದವರು. ಆದ್ದರಿಂದ ಶುಕ್ರವಾರ ಸ್ಟೂಲು ಹತ್ತಿ ಹಣೆಗೆ ಕುಂಕುಮ ಇಡುವುದು ನನ್ನ ಪಾಲಿನ ಕೆಲಸ. ನಡುವೆ ಯಾವಾಗಲೋ ಗಾಜು ಒಡೆಯಿತು. ಹೊಸ ಗಾಜು ಹಾಕಿಸಬೇಕು ಹಾಕಿಸಬೇಕು ಎನ್ನುತ್ತಲೇ ನಾನು ಕುಂಕುಮವನ್ನು ನೇರ ಫೋಟೋದ ಮೇಲೇ ಇಡತೊಡಗಿದೆ. ಒಂದರ ಮೇಲೊಂದು ಬಿದ್ದು ಅದು ಕಣ್ಣನ್ನೂ ಮುಚ್ಚಿ ಮೂಗಿನ ತನಕ ಇಳಿದಿತ್ತು. ದೀಪದ ಹೊಗೆ ಬೇರೆ. ಹಾಗೆಂದು ಅದು ಕೊಳಕು ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಗೋಡೆಯ ಗಡಿಯಾರವನ್ನು ದಿನಾ ನೋಡುತ್ತೇವೆ, ಅದರ ಮುಳ್ಳು ಯಾವ ಬಣ್ಣ ಎಂದರೆ ಬಾಯಿ ಬಿಡುತ್ತೇವೆ. ಹಾಗೆ.

ಈ ಫೋಟೋಗಾಗಿ ನನಗೂ ನನ್ನ ನಾದಿನಿ ಗೌರಿಗೂ ಹಳೆಯ ಜಗಳ. ನಾನು ಮದುವೆಯಾಗಿ ಬಂದಾಗ ಅವಳು ಅವ್ವನ ಸೊಂಟದ ಮೇಲೆ ಕೂತಿದ್ದ ಕೂಸು. ಆಮೇಲೆ ಸ್ವಲ್ಪ ವರ್ಷಕ್ಕೆಲ್ಲ ಅತ್ತೆ ಹೋದರು. ಗೌರಿಯನ್ನು ತಿ. ನರಸೀಪುರಕ್ಕೆ ಕೊಟ್ಟೆವು. ಪ್ರತಿ ಮಾಲಯ ಅಮಾವಾಸ್ಯೆಗೆ ಅವಳ ಒಂದೇ ರಾಗ: “ಅತ್ಗೆ, ನಮ್ಮವ್ವನ ಫೋಟೋ ನಂಗೂ ಒಂದು ಬೇಕು. ಸ್ಟುಡಿಯೋಗೆ ಕೊಡು, ಕಾಪಿ ತೆಗುಸ್ತೀನಿ.” ನನ್ನದೂ ಒಂದೇ ರಾಗ: “ಮನೆ ಬಿಟ್ಟು ಓದ ಫೋಟೋ ವಾಪಸ್ ಬಂದದ್ದುಂಟಾ?” ನಮ್ಮ ಯಜಮಾನರು ಬದುಕಿದ್ದಾಗ ಈ ವ್ಯಾಜ್ಯ ಅವರ ಮುಂದೂ ಹೋಗಿತ್ತು. ಅವರು ಇಬ್ಬರಿಗೂ “ಹ್ಞೂಂ” ಅಂದು ಚಪ್ಪಲಿ ಮೆಟ್ಟಿಕೊಂಡು ಹೊಳೆ ಕಡೆ ಹೋದರು. ನನ್ನಲ್ಲಿ ನ್ಯಾಯ ಏನೂ ಇರಲಿಲ್ಲ, ಹಟ ಇತ್ತು. ಮನೆಗೆ ಸೊಸೆಯಾಗಿ ಬಂದವಳಿಗೆ ಮನೆಯ ಮಗಳ ಮೇಲೆ ಗೆಲ್ಲಲು ಸಿಗುವುದು ಬಹಳ ಕಡಿಮೆ. ಸಿಕ್ಕಿದ್ದನ್ನು ಬಿಡಬಾರದು ಎಂದು ನನ್ನ ಲೆಕ್ಕ.

ಇಂಥದರಲ್ಲಿ ರೂಪಾ ಎಂಬ ಹುಡುಗಿ ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು. ನಂಜನಗೂಡು, ಕಳಲೆ, ನರಸೀಪುರ ಎಂದು ಮನೆ ಮನೆ ಸುತ್ತಿ ಹಳೆಯ ಫೋಟೋ, ಕಾಗದ, ಲಗ್ನಪತ್ರಿಕೆಗಳನ್ನೆಲ್ಲ ಕಂಪ್ಯೂಟರಿನೊಳಗೆ ಇಳಿಸಿಕೊಂಡು, ಯಾರದು, ಎಲ್ಲಿಯದು, ಹೇಗಿದೆ ಎಂದು ಬರೆದಿಡುವುದು ಅವಳ ಕೆಲಸವಂತೆ. ಟಾಕೀಸಿನ ಹರಿದ ಟಿಕೆಟ್ಟು, ಅಂಗಡಿಯ ಚೀಟಿ, ಬೆಂಕಿಪೊಟ್ಟಣದ ಚಿತ್ರ, ಏನು ಕೊಟ್ಟರೂ ಕಣ್ಣಿಗೊತ್ತಿಕೊಳ್ಳುವ ಹಾಗೆ ತೆಗೆದುಕೊಳ್ಳುತ್ತಿದ್ದಳು. ಇವೆಲ್ಲ ಇತಿಹಾಸ ಎಂದು ಮೊದಲೇ ಗೊತ್ತಿದ್ದರೆ ನಾನು ಒಲೆ ಹಚ್ಚುವುದಕ್ಕೆ ಬೇರೆ ಏನಾದರೂ ಹುಡುಕಿಕೊಳ್ಳುತ್ತಿದ್ದೆ. ಬಾಗಿಲ ಮೇಲಿನ ಫೋಟೋ ನೋಡಿ ಅವಳು, “ಅಜ್ಜಿ, ಇದನ್ನ ಎಲ್ಲಿಗೂ ತಗೊಂಡ್ ಹೋಗಲ್ಲ. ಮಿಷನ್ನೇ ನಿಮ್ಮನೆಗೆ ತರ್ತೀನಿ. ಎಷ್ಟು ಕಾಪಿ ಬೇಕಾದ್ರೂ ತೆಗೀಬಹುದು” ಅಂದಳು. ನನ್ನ ಹಟಕ್ಕೆ ಇದ್ದ ಒಂದೇ ಗೂಟವೂ ಕಿತ್ತುಹೋಯಿತು. ಅವಳ ಎದುರಿಗೇ ಗೌರಿಗೆ ಫೋನು ಮಾಡಿ, “ಗುರುವಾರ ಬಾ, ನಿಮ್ಮವ್ವನ ಫೋಟೋ ಕೊಡ್ತೀನಿ” ಅಂದುಬಿಟ್ಟೆ. ಆ ಕಡೆಯಿಂದ, “ದಿಟವಾಗ್ಲೂ?” ಎಂಬ ದನಿ ಬಂತು.

ಹೋಗುವಾಗ ರೂಪಾ ಹೇಳಿ ಹೋದಳು: “ಅಜ್ಜಿ, ನಾನು ಬರ್ತೀನಿ ಅಂತ ಏನೂ ಮಾಡ್ಬೇಡಿ. ಹೆಂಗಿದ್ಯೋ ಹಂಗೇ ಇರಲಿ.” ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಬರುವವರು ಏನೂ ಮಾಡಬೇಡಿ ಅಂದರೆ ಯಾರಾದರೂ ಸುಮ್ಮನೆ ಕೂರುತ್ತಾರೆಯೇ? ಏನೂ ಮಾಡಬೇಡಿ ಅಂದವರಿಗೆ ಉಪ್ಪಿಟ್ಟಾದರೂ ಮಾಡುತ್ತೇವೆ. ಖಂಡಿತ ಏನೂ ಬೇಡ ಅಂದವರಿಗೆ ಒಬ್ಬಟ್ಟು. ನಾನು ಗುರುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿದಿಟ್ಟು ಬಾಗಿಲ ಮೇಲೆ ನೋಡಿದೆ. ಅತ್ತೆಯವರು ಕಂಪ್ಯೂಟರಿನಲ್ಲಿ ಊರಿಗೆಲ್ಲ ಕಾಣುವವರು. ಇಂಥ ಮುಖದಲ್ಲಿ ಹೇಗೆ ಕಳಿಸುವುದು? ಸೊಸೆ ಎಂಥ ಗಲೀಜಿನವಳು ಎಂದು ಊರು ನನ್ನನ್ನು ಆಡಿಕೊಳ್ಳುವುದಿಲ್ಲವೇ? ಇಳಿಸಿದೆ. ಮೊಳೆ ಕಿತ್ತು ಫೋಟೋ ಹೊರಗೆ ತೆಗೆದೆ. ಹಬ್ಬಕ್ಕೆ ಬೆಳ್ಳಿ ಸಾಮಾನು ಬೆಳಗಿದ ಹಾಗೆ ಸೀಗೆಪುಡಿ ಕಲಸಿಕೊಂಡು ಕೂತೆ. ಕುಂಕುಮ ಹೆಚ್ಚು ಇದ್ದದ್ದು ಮುಖದ ಮೇಲೆ, ಹಾಗಾಗಿ ಹೆಚ್ಚು ತಿಕ್ಕಿದ್ದೂ ಮುಖವನ್ನೇ. ಮೊದಲು ಕುಂಕುಮ ಬಂತು. ಖುಷಿಯಾಯಿತು. ಆಮೇಲೆ ಹೊಗೆಯ ಕಪ್ಪು ಬಂತು. ಇನ್ನೂ ಖುಷಿಯಾಯಿತು. ಆಮೇಲೆ ಬಂದದ್ದು ಅತ್ತೆ. ಹಾಲಿನ ಕೆನೆಯ ಹಾಗೆ ಎದ್ದು ಬಟ್ಟೆಗೆ ಅಂಟಿಕೊಂಡರು. ಕುರ್ಚಿಯ ಮೇಲೆ ಕುತ್ತಿಗೆಯ ತನಕ ಹೆಂಗಸು, ಅದರ ಮೇಲೆ ಬಿಳಿಯ ಕಾಗದ. ಹೂಕುಂಡ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು.

ರೂಪಾ ಬಂದಳು. ಕೈಗೆ ಬಿಳಿಯ ಚೀಲ ತೊಟ್ಟು, ಸೂಟ್‌ಕೇಸಿನ ಹಾಗೆ ಮುಚ್ಚಳ ತೆರೆಯುವ ಮಿಷನ್ನನ್ನು ಮೇಜಿನ ಮೇಲಿಟ್ಟು, ಫೋಟೋ ನೋಡಿ ಬೆಪ್ಪಾದಳು.

“ಅಜ್ಜಿ, ಇದಕ್ಕೇನಾಯ್ತು?”

“ಶೀತ ಹೊಡ್ದದೆ ಕಣವ್ವ.”

ಅವಳು ಮೂಗಿನ ಹತ್ತಿರ ಹಿಡಿದಳು. “ಸೀಗೆಕಾಯಿ ವಾಸನೆ ಬರ್ತಿದೆ?”

“ನಮ್ಮನೆ ಶೀತ ಹಂಗೇ ವಾಸನೆ ಬರೋದು.”

ಓದಿದವರು ಒಳ್ಳೆಯವರು, ದೊಡ್ಡವರ ಸುಳ್ಳಿಗೆ ಎದುರು ಹೇಳುವುದಿಲ್ಲ. ಆದರೆ ಗೌರಿ ಬಸ್ಸು ಹತ್ತಿ ಆಗಿತ್ತು. ಹಾಗಾಗಿ ಒಂದು ಉಪಾಯ ಹೇಳಿದೆ: “ನಮ್ ಬೀದಿ ಸ್ಟುಡಿಯೋದೋನು ಮದುವೆ ಫೋಟೋದಲ್ಲಿ ಕಣ್ಮುಚ್ಚಿದೋರ್ಗೆಲ್ಲ ಬೇರೆ ಕಣ್ಣು ಅಂಟುಸ್ತಾನೆ. ನೀನು ಇಷ್ಟೊಂದು ಓದಿದ್ದೀಯ. ಗೌರಿ ಅವ್ವನ ಥರಾನೇ ಅವ್ಳೆ ಅಂತಾರೆ. ಅವಳ ಮುಖಾನೇ ಇಲ್ಲಿ ಕೂರ್ಸು.”

“ಸುಳ್ಳಾಗ್ತದೆ ಅಜ್ಜಿ. ಏನಿದ್ಯೋ ಅದನ್ನ ಇದೆ ಅಂತ ಬರೀಬೇಕು. ಹೋದದ್ದನ್ನ ಹೋಯ್ತು ಅಂತಾನೇ ಬರೀಬೇಕು.”

ಅಷ್ಟರಲ್ಲಿ ಗೌರಿ ಬಂದಳು. ಒಗೆದು ಮಡಿ ಮಾಡಿದ ಸೀರೆ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ, ಫೋಟೋಗೆಂದು ಕೊಂಡ ಹೊಸ ಕಟ್ಟು, ಗಾಜಿನ ಸಮೇತ. ಅದನ್ನು ನೋಡಿದ ಮೇಲೆ ಶೀತ, ಗೆದ್ದಲು ಯಾವುದೂ ನನ್ನ ಬಾಯಿಗೆ ಬರಲಿಲ್ಲ. “ನಾನೇ ತೊಳ್ದೆ ಗೌರಿ. ಓಗ್ಬುಡ್ತು” ಅಂದೆ.

ಅವಳು ಫೋಟೋವನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಹಿಂಭಾಗವನ್ನೂ ನೋಡಿದಳು, ಅಲ್ಲಿಗೇನಾದರೂ ಹೋಗಿ ಕೂತಿದ್ದಾರೋ ಎನ್ನುವ ಹಾಗೆ. ಅಳುತ್ತಾಳೆ ಅಂದುಕೊಂಡೆ. ಅತ್ತಿದ್ದರೆ ಸುಲಭವಿತ್ತು. ಅವಳು ಹೇಳಿದಳು: “ನಮ್ಮವ್ವ ಬದುಕಿದ್ದಾಗ್ಲೂ ನೀನು ಅವಳ ಮುಖ ನೋಡ್ನಿಲ್ಲ ಅತ್ಗೆ. ಈಗ ಯಾರೂ ನೋಡ್ದಂಗೆ ಮಾಡ್ಬುಟ್ಟೆ.”

ಅದು ಬೈಗುಳವಾದರೂ ನಿಜ. ನಮ್ಮ ಕಾಲದಲ್ಲಿ ಸೊಸೆಯಾದವಳು ಅತ್ತೆಯ ಎದುರು ತಲೆ ಎತ್ತಿ ನಿಲ್ಲುವ ಹಾಗಿರಲಿಲ್ಲ. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ರೂಪಾ ಈ ಮಾತು ಕೇಳಿ ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡಳು. “ನಿಮ್ಮಿಬ್ಬರನ್ನ ಬಿಟ್ರೆ ಅವರನ್ನ ನೋಡಿದೋರು ಯಾರೂ ಉಳಿದಿಲ್ಲ. ನೆನಪಿರೋದನ್ನ ಹೇಳಿ, ಫೋಟೋದ ಜೊತೆಗೆ ಬರೀತೀನಿ. ಮುಖದ ಜಾಗಕ್ಕೆ ಅದಾದ್ರೂ ಇರಲಿ.”

ನಾನು ಶುರು ಮಾಡಿದೆ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಹಿಮ್ಮಡಿ ಒಡೆದಿತ್ತು. ಕಾಲುಂಗುರ ಸವೆದು ತಂತಿಯಾಗಿತ್ತು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರೆ ಕೆಲಸದಲ್ಲಿದ್ದಾರೆ ಎಂದು ಅರ್ಥ. ಇಳಿಬಿಟ್ಟಿದ್ದರೆ ನನಗೆ ಬೈಯಲು ಬಂದಿದ್ದಾರೆ ಎಂದು. ಹೇಳುತ್ತಾ ಹೇಳುತ್ತಾ ಸೊಂಟದ ತನಕ ಬಂದೆ. ಅಲ್ಲಿಗೆ ನನ್ನ ಸರಕು ಮುಗಿಯಿತು.

ಅಲ್ಲಿಂದ ಮೇಲೆ ಗೌರಿ ಹತ್ತಿದಳು. ಕಂಕುಳಲ್ಲಿ ಕೂತು ನೋಡಿದವಳಲ್ಲವೇ, ಎಲ್ಲಾ ಕೆಳಗಿನಿಂದಲೇ. “ಗದ್ದದ ಕೆಳಗೆ ಒಂದು ಸುಟ್ಟ ಕಲೆ ಇತ್ತು. ಮೂಗಿನ ಒಂದು ಹೊಳ್ಳೆ ದೊಡ್ಡದು, ಒಂದು ಸಣ್ಣದು.”

“ಥೂ, ಇದೆಲ್ಲ ಬರುಸ್ತೀಯೇನೆ? ಊರೆಲ್ಲ ಓದ್ತದೆ!”

“ನೀನು ಒಡೆದ ಇಮ್ಮಡಿ ಬರುಸ್ನಿಲ್ವಾ? ನಮ್ಮವ್ವನ ಮೂಗು, ನನ್ನಿಷ್ಟ. ಬರ್ಕೊಳವ್ವ ನೀನು. ಎಲೆಅಡಿಕೆ ಆಕ್ಕಂಡು ನಕ್ರೆ ಬಾಯೊಳಗೆಲ್ಲ ಕೆಂಪಗೆ ಕಾಣ್ತಿತ್ತು.”

“ನಿಮ್ಮವ್ವ ನಗ್ತಿದ್ರಾ?” ಅಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ.

“ನಿನ್ ಮುಂದೆ ಯಾಕ್ ನಗ್ತಾರೆ?”

ರೂಪಾ ಎಲ್ಲವನ್ನೂ ಟೈಪು ಮಾಡುತ್ತಾ, “ಕಣ್ಣು ಹೆಂಗಿತ್ತು?” ಎಂದು ಕೇಳಿದಳು. ಗೌರಿ ನನ್ನ ಕಡೆ ನೋಡಿದಳು, ನಾನು ಗೌರಿಯ ಕಡೆ. ಕೊನೆಗೆ ರೂಪಾ ‘ಕಣ್ಣು: ತಿಳಿದಿಲ್ಲ’ ಎಂದು ಬರೆದಳು. ಹಾನಿಗೆ ಕಾರಣ ಏನೆಂದು ಬರೆಯಲಿ ಎಂದೂ ಕೇಳಿದಳು. “ಸೊಸೆ ಅಂತ ಬರಿ” ಅಂದೆ. ಬರೆದಳು.

ಸಂಜೆ ಗೌರಿ ಆ ಫೋಟೋವನ್ನೇ ಹೊಸ ಕಟ್ಟಿಗೆ ಹಾಕಿಕೊಂಡಳು. “ಮುಖ ಇದ್ದಾಗ ಕೊಡ್ನಿಲ್ಲ, ಮುಖ ಓದ್ಮೇಲೆ ಕೊಡ್ತೀಯ” ಎಂದು ಬೈದಳು. “ಬೇಡ ಅಂದ್ರೆ ಮಡಗೋಗು” ಅಂದೆ. “ಮಡಗೋಕಾ ಬಂದಿರೋದು?” ಎಂದು ಎದೆಗವಚಿಕೊಂಡು, ಉಪ್ಪಿಟ್ಟನ್ನೂ ಡಬ್ಬಿಗೆ ಹಾಕಿಸಿಕೊಂಡು ಬಸ್ಸಿಗೆ ಹೊರಟಳು.

ಮಾರನೆಯ ಬೆಳಿಗ್ಗೆ ನನ್ನ ಸೊಸೆ ಮಂಗಳಾ ಕಾಫಿ ತಂದಳು. ಈಗಿನವಳು, ತಲೆ ತಗ್ಗಿಸುವವಳೇನಲ್ಲ. ಆದರೂ ಲೋಟ ನನ್ನ ಕೈಗೆ ಕೊಟ್ಟು ಕಣ್ಣು ಗಡಿಯಾರದ ಕಡೆ ಇಟ್ಟಿದ್ದಳು. ಅವಳ ಕೈ ಹಿಡಿದು ಎದುರಿಗೆ ಕೂರಿಸಿದೆ. “ಮಂಗಳಾ, ನನ್ ಮುಖ ಒಂದ್ಸಲ ಸರಿಯಾಗಿ ನೋಡ್ಕೊ” ಅಂದೆ. ಅವಳು ಗಾಬರಿಯಾಗಿ ನೋಡಿದಳು. “ಅತ್ತೆ, ಹಲ್ಲು ಹಾಕ್ಕೊಂಡಿಲ್ಲ ನೀವು” ಅಂದಳು. ಎದ್ದು ಹೋಗಿ ಹಲ್ಲಿನ ಸೆಟ್ಟು ಹಾಕಿ, ತಲೆ ಬಾಚಿ, ವಿಭೂತಿ ಇಟ್ಟುಕೊಂಡು ಬರುವಷ್ಟರಲ್ಲಿ ಅವಳು ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಕೆಳಗಿನಿಂದ ಕೂಗಿದೆ. “ಕೈ ಬಿಡುವಿಲ್ಲ ಅತ್ತೆ, ನೀವೇ ಮೇಲಕ್ಕೆ ಬನ್ನಿ” ಅಂದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.