ಎಲ್ಲರ ಮನೆಯಲ್ಲೂ ಆಡಿದ ಗೊಂಬೆ

ನಮಗೆ ಇಷ್ಟವಾದದ್ದು ನಾಲ್ಕು ಜನರಿಗೂ ಇಷ್ಟವಾಗಲಿ ಎಂದು ಬಯಸುವುದು ಮನುಷ್ಯಸ್ವಭಾವ. ಆದರೆ ಆ ನಾಲ್ಕು ಜನ ನಲವತ್ತಾಗಿ, ನಲವತ್ತು ನಾನೂರಾದರೆ ಹೊಟ್ಟೆಯೊಳಗೆ ಅದೇನೋ ಸಂಕಟ ಶುರುವಾಗುತ್ತದೆ. ಈ ಕಾಯಿಲೆಗೆ ಡಾಕ್ಟರ ಹತ್ತಿರ ಔಷಧಿ ಇಲ್ಲ. ನಮ್ಮ ಮುಳಬಾಗಿಲಿನ ಒಂದು ಸಂದಿಯಲ್ಲಿ ಪುಟ್ಟ ದೋಸೆ ಹೋಟೆಲಿತ್ತು. ಸಿಕ್ಕಿದವರಿಗೆಲ್ಲ ಅದರ ದೋಸೆಯನ್ನು ಹೊಗಳಿ ಹೊಗಳಿ, ಅವರನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ದವನು ನಾನೇ. ಆಮೇಲೆ ಅದರ ಮುಂದೆ ಕಾರುಗಳು ನಿಲ್ಲತೊಡಗಿದವು, ನನಗೆ ಬೆಂಚಿನಲ್ಲಿ ಜಾಗ ಸಿಗದೇ ಹೋಯಿತು. "ಮೊದಲಿನ ರುಚಿ ಇಲ್ಲ ಕಣ್ರೀ" ಎಂದು ಮೊದಲು ಸುದ್ದಿ ಹಬ್ಬಿಸಿದವನೂ ನಾನೇ. ಆ ಮಾತು ಹೇಳುವ ಹೊತ್ತಿಗೆ ನಾನು ಅಲ್ಲಿ ದೋಸೆ ತಿಂದು ಆರು ತಿಂಗಳಾಗಿತ್ತು ಎಂಬುದು ಬೇರೆ ವಿಷಯ.

ದೋಸೆಯ ವಿಷಯದಲ್ಲಿ ನನಗೆ ನಷ್ಟವಾದದ್ದು ಒಂದು ಬೆಂಚು ಮಾತ್ರ. ಗೊಂಬೆಯ ವಿಷಯದಲ್ಲಿ ಮಾತ್ರ ಒಬ್ಬ ಗೆಳೆಯನನ್ನೇ ಕಳೆದುಕೊಳ್ಳುವ ಹಾಗಾಯಿತು. ತೊಂಬತ್ತರ ದಶಕದ ಮಾತು. ನಾನಾಗ ಒಬ್ಬ ಆಡಿಟರ ಬಳಿ ಲೆಕ್ಕ ಬರೆಯುತ್ತಿದ್ದೆ. ನನ್ನ ಜೊತೆ ಶಾಲೆಯಲ್ಲಿ ಓದಿದ ಮುನಿರಾಜು ಪೇಟೆ ಬೀದಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟಿದ್ದ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ದಸರೆಗೆ ಗೊಂಬೆ ಕೂರಿಸುವ ಪದ್ಧತಿ. ಪಟ್ಟದ ಗೊಂಬೆಗಳು, ಅಂಗಡಿ ಹರವಿಕೊಂಡು ಕುಳಿತ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ, ಎಲ್ಲ ವರ್ಷದಂತೆ ಎಲ್ಲವೂ. ಒಂದು ಸಂಜೆ ಮುನಿರಾಜು ಬೊಂಬೆ ಬಾಗಿನದ ಚಕ್ಕುಲಿ ಮುರಿಯುತ್ತ ಶೆಟ್ಟಿಯನ್ನೇ ನೋಡುತ್ತಿದ್ದವನು, "ಲೇ ಶೇಷು, ಈವಯ್ಯ ನಮ್ಮ ತಾತನ ಕಾಲದಿಂದ ತಕ್ಕಡಿ ಹಿಡ್ಕೊಂಡು ಕೂತವ್ನೆ. ಒಂದ್ಸಲನಾದ್ರೂ ತೂಗಬಾರ್ದಾ?" ಎಂದ. ನಮ್ಮ ಕೂಟ ಹುಟ್ಟಿದ್ದು ಆ ಮಾತಿನಿಂದ.

ಮುಂದಿನ ದಸರೆಗೆ ಶೆಟ್ಟಿ ತೂಗಿದ. ಅವನನ್ನು ತೂಗಿಸಿದ್ದು ಹಬೆ. ಹಬೆ ಬಂದದ್ದು ನನ್ನ ಹೆಂಡತಿ ಸರಸ್ವತಿಯ ಕುಕ್ಕರಿನಿಂದ. ಕುಕ್ಕರಿನ ತಲೆಯ ಮೇಲಿನ ವೇಟು ತೆಗೆದು, ಅಲ್ಲಿಗೊಂದು ಕೊಳವೆ ಸಿಕ್ಕಿಸಿ, ಹಬೆ ಹೋಗಿ ತಗಡಿನ ಚಕ್ರಕ್ಕೆ ಹೊಡೆಯುವಂತೆ ಮಾಡಿದೆವು. ಚಕ್ರ ತಿರುಗಿ, ಹಳೇ ಗಡಿಯಾರದ ಹಲ್ಲುಗಳು ತಿರುಗಿ, ಹೊಲಿಗೆ ಮೆಷಿನ್ನಿನ ದಾರ ಎಳೆದು, ಶೆಟ್ಟಿಯ ಕೈ ಮೇಲೆದ್ದಿತು. ಆವತ್ತು ಊರಿನಲ್ಲಿ ಕರೆಂಟು ಹೋಗಿ ಎಲ್ಲರ ಮನೆಯ ಸೀರಿಯಲ್ ಸೆಟ್ಟುಗಳು ಆರಿಹೋಗಿದ್ದವು. ಎಣ್ಣೆ ದೀಪದ ಬೆಳಕಿನಲ್ಲಿ ನಮ್ಮ ಶೆಟ್ಟಿ ಮಾತ್ರ ಬುಸ್ ಬುಸ್ ಎಂದು ತೂಗುತ್ತಲೇ ಇದ್ದ. ಆ ಹೆಮ್ಮೆಯಲ್ಲಿ ನಾನು ಅಲ್ಲೇ ಒಂದು ಕಾನೂನು ಮಾಡಿದೆ: ನಮ್ಮ ಕೂಟದವರು ಕರೆಂಟು ಮುಟ್ಟಬಾರದು, ಸೆಲ್ಲು ಹಾಕಬಾರದು. ಸ್ಪ್ರಿಂಗು, ತೂಕ, ನೀರು, ಮರಳು, ಹಬೆ ಇಷ್ಟರಿಂದಲೇ ಗೊಂಬೆ ಆಡಬೇಕು. ಕುರುಡುಮಲೆಯಿಂದ ಬರುತ್ತಿದ್ದ ಭಟ್ಟರೊಬ್ಬರು ತಮ್ಮ ಮನೆಯ ಗ್ರಾಮಫೋನಿನ ಸ್ಪ್ರಿಂಗು ಕೊಟ್ಟು ಮೂರನೆಯ ಸದಸ್ಯರಾದರು. ಸರಸ್ವತಿ ಕುಕ್ಕರು ಕೊಟ್ಟರೂ ಸದಸ್ಯಳಾಗಲಿಲ್ಲ. "ನಿಮ್ಮ ಶೆಟ್ಟಿ ತೂಗಿದ ದಿನ ನಮ್ಮನೇಲಿ ಅನ್ನ ಇಲ್ಲ ಕಣ್ರೀ. ಹಿಂಗೇ ಆದ್ರೆ ಅವ್ನ ಅಂಗ್ಡಿ ಅಕ್ಕೀನೇ ತಂದು ಬೇಯಿಸ್ಬೇಕಾಗುತ್ತೆ" ಎನ್ನುತ್ತ ಒಂಬತ್ತು ದಿನವೂ ಅವಲಕ್ಕಿ ಒಗ್ಗರಣೆ ಮಾಡಿ ಬಡಿಸಿದಳು.

ಕೆಲವು ವರ್ಷ ಸುಖವಾಗಿತ್ತು. ದಸರೆಗೆ ಮೂರು ತಿಂಗಳಿರುವಾಗಲೇ ಮುನಿರಾಜುವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಗುಜರಿಯಿಂದ ಹಿತ್ತಾಳೆಯ ಸ್ಟೌವು, ಕೆಟ್ಟ ಪೆಟ್ರೋಮ್ಯಾಕ್ಸು, ಟೈಂಪೀಸು ತಂದು ಗುಡ್ಡೆ ಹಾಕಿಕೊಂಡು, ಕೈ ಮಸಿ ಮಾಡಿಕೊಂಡು, ಜಗಳವಾಡಿಕೊಂಡು, ಕಾಫಿ ಕುಡಿಯುತ್ತಿದ್ದೆವು. ನೋಡಲು ಬರುತ್ತಿದ್ದವರು ಅಕ್ಕಪಕ್ಕದವರು, ನೆಂಟರು. ಅವರು "ಅಬ್ಬಾ!" ಎಂದರೆ ನನಗೆ ಮುಂದಿನ ದಸರೆವರೆಗೆ ಸಾಕಾಗುತ್ತಿತ್ತು. ಹೀಗಿರುವಾಗ ಊರಿನ ಕೇಬಲ್ ಟೀವಿಯವನು ಕ್ಯಾಮೆರಾ ಹೊತ್ತುಕೊಂಡು ಬಂದ. ನಾನೇ ಪಂಚೆ ಬದಲಿಸಿ, ತಲೆ ಬಾಚಿ, ಶೆಟ್ಟಿಯ ಪಕ್ಕ ನಿಂತು ಕಾನೂನನ್ನೆಲ್ಲ ವಿವರಿಸಿದೆ. ಆ ಪುಣ್ಯಾತ್ಮ ಅದನ್ನು ಎರಡು ಸಿನಿಮಾಗಳ ನಡುವೆ ಬಿಡುವಿದ್ದಾಗಲೆಲ್ಲ ಹಾಕಿದ. ಕೋಲಾರದ ಕೇಬಲಿನವನು ಇವನಿಂದ ಕ್ಯಾಸೆಟ್ ತೆಗೆದುಕೊಂಡು ಹೋದ. ಮುಂದಿನದನ್ನು ನೀವೇ ಊಹಿಸಬಹುದು.

ಎರಡು ದಸರೆ ಕಳೆಯುವಷ್ಟರಲ್ಲಿ ಆಡದ ಗೊಂಬೆಯೇ ಇಲ್ಲದಂತಾಯಿತು. ಗೊಂಬೆ ಕೂರಿಸುವ ಪದ್ಧತಿಯೇ ಇಲ್ಲದ ಮನೆಗಳಲ್ಲೂ ಮೆಟ್ಟಿಲು ಕಟ್ಟಿದರು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯವರ ಮನೆಯೊಂದರಲ್ಲಿ ಗೊಂಬೆಮರದಿಂದ ಮಾವಿನಕಾಯಿ ಉದುರಿ ಮತ್ತೆ ಮೇಲೇರುತ್ತದಂತೆ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಾರೋ ಮಣ್ಣಿನಲ್ಲಿ ಹಲ್ಲುಚಕ್ರ ಮಾಡಿ, ಹೆಂಚಿನ ಜೊತೆಯಲ್ಲೇ ಸುಟ್ಟು ತಂದು ರಥ ಓಡಿಸಿದರಂತೆ. ಇದೆಲ್ಲ ಸಹಿಸಬಹುದು. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ರೆಡಿಮೇಡ್ ಶೆಟ್ಟಿ ಬಂದನಲ್ಲ, ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ಪ್ಲಾಸ್ಟಿಕ್ಕಿನ ಶೆಟ್ಟಿ. ಹೊಟ್ಟೆಯಲ್ಲಿ ಎರಡು ಸೆಲ್ಲು. ಬೆನ್ನಿಗೆ ಹಿತ್ತಾಳೆ ಬಣ್ಣ ಬಳಿದ ಹಲ್ಲುಚಕ್ರಗಳನ್ನು ಗೋಂದು ಹಾಕಿ ಅಂಟಿಸಿದ್ದರು. ಅವು ತಿರುಗುವುದಿಲ್ಲ, ಯಾವುದನ್ನೂ ತಿರುಗಿಸುವುದೂ ಇಲ್ಲ, ಸುಮ್ಮನೆ ಚೆಂದಕ್ಕೆ. ಗುಂಡಿ ಒತ್ತಿದರೆ ಅವನು ಜ್ವರ ಬಂದವನಂತೆ ಗಡಗಡ ತೂಗುತ್ತಾನೆ. ಇಂಥದ್ದೊಂದನ್ನು ನಮ್ಮ ಪಕ್ಕದ ಮನೆಯವರೇ ತಂದು, "ಸಾರ್, ನಿಮ್ಮದಕ್ಕಿಂತ ಫಾಸ್ಟು!" ಎಂದು ನನಗೇ ತೋರಿಸಿದರು.

ನಾನು ಉರಿದುಕೊಂಡು ಮುನಿರಾಜುವಿನ ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಕತೆ. ಇನ್ನು ಮೇಲೆ ಭಾನುವಾರಗಳಲ್ಲಿ ಬಂದವರಿಗೆಲ್ಲ ಹೇಳಿಕೊಡುತ್ತೇನೆ ಎಂದು ಅವನು ಆಗಲೇ ಮಾತು ಕೊಟ್ಟಾಗಿತ್ತು. "ಆ ಸೆಲ್ಲಿನ ಶೆಟ್ಟಿ ಹಿಡ್ಕೊಂಡು ಬಂದೋರಿಗೂ?" ಎಂದೆ. "ಬರ್ಲಿ ಬಿಡಯ್ಯಾ, ಪರವಾಲೇದು. ನಾವೇನು ತಾಯಿ ಹೊಟ್ಟೇಲೇ ಕಲ್ತು ಬಂದ್ವಾ?" ಎಂದ. ಹೀಗೆ ಕಂಡಕಂಡವರೆಲ್ಲ ಮಾಡಿದರೆ ಇದರ ಮರ್ಯಾದೆ ಏನಾಗಬೇಕು, ಎಲ್ಲರೂ ಮಾಡುವುದಾದರೆ ನಾವು ಯಾಕೆ ಮಾಡಬೇಕು ಎಂದು ನಾನು ದೊಡ್ಡ ಭಾಷಣವನ್ನೇ ಬಿಗಿದೆ. ಮುನಿರಾಜು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದ: "ಲೇ ಶೇಷು, ನಿಂಗೆ ಗೊಂಬೆ ಆಡೋದು ಬೇಕಾ, ನೀನೊಬ್ನೇ ಆಡಿಸ್ದೆ ಅನ್ನೋದು ಬೇಕಾ?" ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಸಿಟ್ಟು ಬರುವುದಿಲ್ಲ, ಗೊತ್ತಿದ್ದರೆ ಬರುತ್ತದೆ. ಕೂಟಕ್ಕೂ ನನಗೂ ಸಂಬಂಧವಿಲ್ಲ ಎಂದು ಹೇಳಿ, ರಿಪೇರಿಗೆಂದು ಅಲ್ಲಿಟ್ಟಿದ್ದ ನಮ್ಮ ಶೆಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದು ಅಟ್ಟಕ್ಕೆ ಹಾಕಿದೆ. ಭಟ್ಟರಾದರೂ ನನ್ನ ಕಡೆ ಬರುತ್ತಾರೆಂದುಕೊಂಡಿದ್ದೆ. "ನಂಗೆ ಇಬ್ರೂ ಒಂದೇನಪ್ಪಾ" ಎಂದ ಅವರು ಕಾಫಿ ಸಿಗುವ ಕಡೆಗೆ ಹೋದರು.

ಆಮೇಲೆ ಎರಡು ವರ್ಷ ನಾನೂ ಮುನಿರಾಜೂ ಮಾತಾಡಲಿಲ್ಲ. ಅವನ ಅಂಗಡಿ ನನ್ನ ಆಫೀಸಿನ ದಾರಿಯಲ್ಲೇ ಇದ್ದದ್ದರಿಂದ ನಾನು ತರಕಾರಿ ಮಾರ್ಕೆಟ್ಟು ಸುತ್ತಿ ಹೋಗಬೇಕಾಯಿತು. ಹೋಗುವಾಗ ಬರಿಗೈಯಲ್ಲಿ ಹೋಗುವುದೇಕೆಂದು ಟೊಮೇಟೊ ಕೊಳ್ಳುತ್ತಿದ್ದೆ. ಮನೆ ತುಂಬ ಟೊಮೇಟೊ ಆಯಿತು. "ಅವ್ರ ಹತ್ರ ಹೋಗಿ ಒಂದು ಮಾತಾಡ್ಬಾರ್ದೇನ್ರೀ? ನಂಗಂತೂ ಇನ್ಮೇಲೆ ಗೊಜ್ಜು ಮಾಡೋಕಾಗಲ್ಲ" ಎಂದು ಸರಸ್ವತಿ ಬೇಡಿಕೊಂಡಳು. ಅವನೇ ಬರಲಿ ಎಂದೆ. ಒಳಗೊಳಗೆ ನನಗೆ ಎಷ್ಟು ಬೇಜಾರಾಗಿತ್ತೆಂದರೆ, ರಸ್ತೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಕೇಳಿದರೂ ನಿಂತುಬಿಡುತ್ತಿದ್ದೆ. ಆದರೂ ಬಿಗುಮಾನ ಬಿಡಲಿಲ್ಲ. ಜನಪ್ರಿಯತೆ ಕಲೆಯನ್ನು ಕೊಲ್ಲುತ್ತದೆ ಎಂದು ಆಫೀಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಹುತ್ತೂರಿನಲ್ಲಿ ಸರಸ್ವತಿಯ ಚಿಕ್ಕಮ್ಮ ಇದ್ದಾರೆ. ಎರಡನೆಯ ವರ್ಷದ ಆಯುಧಪೂಜೆಯ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಊಟವಾದ ಮೇಲೆ ಚಿಕ್ಕಮ್ಮ, "ನಮ್ಮ ಬೀದಿ ರತ್ನಮ್ಮನ ಮನೇಲಿ ಗೊಂಬೆ ಆಡ್ತವಂತೆ, ನೋಡ್ಕೊಂಡು ಬನ್ನಿ" ಎಂದರು. ನನಗೆ ಬೇಡವಾಗಿತ್ತು. ಆದರೆ ಬೈಯುವುದಕ್ಕಾದರೂ ನೋಡಬೇಕಲ್ಲ, ಹೋದೆ. ರತ್ನಮ್ಮ ಮನೆಯಲ್ಲೇ ಚರಕ ಇಟ್ಟುಕೊಂಡು ಗೂಡಿನಿಂದ ರೇಷ್ಮೆ ನೂಲು ತೆಗೆಯುವಾಕೆ. ನಡುಮನೆಯಲ್ಲಿ ಮೆಟ್ಟಿಲು ಕಟ್ಟಿದ್ದರು. ಮೇಲುಗಡೆ ಅದೇ ಸೆಲ್ಲಿನ ಶೆಟ್ಟಿ, ಬೆನ್ನು ಬಿಚ್ಚಿಸಿಕೊಂಡು ಸುಮ್ಮನೆ ಕುಳಿತಿದ್ದ. ಕೆಳಗಿನ ಮೆಟ್ಟಿಲಿನಲ್ಲಿ ಸೀರೆಯುಟ್ಟ ಮರದ ಗೊಂಬೆಯೊಂದು ಪುಟ್ಟ ಚರಕದ ಮುಂದೆ ಕುಳಿತಿತ್ತು. ಗೂಡು ಬೇಯಿಸುವ ಪಾತ್ರೆಗೆ ಮುಚ್ಚಳ ಹಾಕಿ, ಕೊಳವೆ ಜೋಡಿಸಿ, ಹಬೆಯನ್ನು ಒಂದು ತಗಡಿನ ಚಕ್ರಕ್ಕೆ ಬಿಟ್ಟಿದ್ದರು. ಗೊಂಬೆಯ ಕೈ ತಿರುಗುತ್ತಿತ್ತು. ಹತ್ತಿರ ಬಗ್ಗಿ ನೋಡಿದೆ. ಬಟ್ಟಲಿನಲ್ಲಿದ್ದ ಗೂಡಿನಿಂದ ಕಣ್ಣಿಗೆ ಕಾಣಿಸುವುದೂ ಕಷ್ಟವಾದ ಎಳೆಯೊಂದು ಎದ್ದುಬಂದು ಚರಕಕ್ಕೆ ನಿಜವಾಗಿ ಸುತ್ತಿಕೊಳ್ಳುತ್ತಿತ್ತು. ನಮ್ಮ ಶೆಟ್ಟಿ ಅಷ್ಟು ವರ್ಷ ತೂಗಿದ್ದು ಖಾಲಿ ತಕ್ಕಡಿ. ಗೊಂಬೆ ಕೆಲಸವನ್ನೂ ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನಗೆ ತಡೆಯಲಾರದಷ್ಟು ಸಂತೋಷವಾಯಿತು. ಎಷ್ಟೋ ದಿನದ ಮೇಲೆ ನಾನೇ "ಅಬ್ಬಾ!" ಎಂದೆ.

"ಬಾಗುಂದಾ ಸಾರ್, ಚೆನ್ನಾಗೈತಾ?" ಎಂದು ರತ್ನಮ್ಮ ನಕ್ಕರು. ಇದೆಲ್ಲ ಹೇಗೆ ಶುರುವಾಯಿತೆಂದು ಕೇಳಿದೆ. "ಅಗೋ, ಮೇಲ್ಗಡೆ ಕೂತವ್ನಲ್ಲ ಶೆಟ್ಟಿ, ಅವ್ನಿಂದ್ಲೇ ಸಾರ್. ಕೋಲಾರದಿಂದ ತಂದಿದ್ವಿ, ಮೂರು ದಿನಕ್ಕೇ ನಿಂತೋಯ್ತು. ಬಿಚ್ಚಿ ನೋಡಿದ್ರೆ ಬೆನ್ನಿನ ಚಕ್ರ ಎಲ್ಲಾ ಬರೀ ಅಂಟ್ಸಿರೋದು! ಇವು ನಿಜವಾಗ್ಲೂ ತಿರುಗಿದ್ರೆ ಹೆಂಗಿರುತ್ತೆ ಅಂತ ಅನ್ನಿಸ್ತು. ವಿಚಾರಿಸ್ಕೊಂಡು ಮುಳಬಾಗಿಲಿಗೆ ಹೋದೆ. ಅಲ್ಲಿ ಮುನಿರಾಜಣ್ಣ ಅಂತ ಇದಾರೆ, ಅವ್ರೇ ಹೇಳ್ಕೊಟ್ರು" ಎಂದರು. ನಾನು ಎರಡು ವರ್ಷ ಶಪಿಸಿದ ಪ್ಲಾಸ್ಟಿಕ್ ಶೆಟ್ಟಿ ಮೇಲಿನ ಮೆಟ್ಟಿಲಿನಿಂದ ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಸರಸ್ವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಮೊಣಕೈ ತಿವಿದಳು. ಅವಳು ತೋರಿಸಿದ ಕಡೆ ನೋಡಿದೆ. ಗೋಡೆಯ ಬದಿಯಲ್ಲಿ ಸುತ್ತಿಗೆ, ಇಕ್ಕಳ, ಸ್ಪ್ಯಾನರುಗಳನ್ನು ತೊಳೆದು ಸಾಲಾಗಿ ಪೂಜೆಗೆ ಇಟ್ಟಿದ್ದರು. ಅವುಗಳ ನಡುವೆ ಒಂದು ಫೋಟೋ. ಅದಕ್ಕೆ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಎರಡು ಊದಿನಕಡ್ಡಿ. ಫೋಟೋದಲ್ಲಿದ್ದವನು ತುಂಬು ಕೂದಲಿನ, ದಪ್ಪ ಮೀಸೆಯ, ಶೆಟ್ಟಿಯ ಪಕ್ಕ ಪಂಚೆಯುಟ್ಟು ನಿಂತ ನಾನು.

ಅಷ್ಟು ಹೊತ್ತಿಗೆ ನನ್ನ ತಲೆಯ ಕೂದಲೆಲ್ಲ ಉದುರಿತ್ತು, ಮೀಸೆಯನ್ನೂ ತೆಗೆಸಿದ್ದೆ. ರತ್ನಮ್ಮನಿಗೆ ಗುರುತು ಸಿಗುವ ಭಯವಿರಲಿಲ್ಲ. "ಇವ್ರು ಯಾರಮ್ಮಾ?" ಎಂದು ಸರಸ್ವತಿ ಬೇಕೆಂದೇ ಕೇಳಿದಳು. "ಇದನ್ನೆಲ್ಲಾ ಶುರು ಮಾಡಿದ ಪುಣ್ಯಾತ್ಮರು ಇವ್ರೇ ಕಣಕ್ಕಾ. ಕರೆಂಟು ಮುಟ್ಟಬಾರ್ದು ಅಂತ ಕಾನೂನು ಮಾಡಿದ್ದೂ ಇವ್ರೇ. ನಾವೆಲ್ಲಾ ಅದೇ ಪಾಲಿಸ್ತೀವಿ." "ಈಗ ಇಲ್ವಾ?" "ನಾವು ಕೇಳೋಕೆ ಹೋಗಿಲ್ಲ. ಇವ್ರ ಮಾತು ಬಂದ್ರೆ ಮುನಿರಾಜಣ್ಣ ಕಣ್ಣು ಒರೆಸ್ಕೊಳ್ತಾರೆ. ಇನ್ನೇನಿರುತ್ತೆ, ಪಾಪ. ಅದಕ್ಕೇ ಸಾಮಾನಿನ ಜೊತೆ ಇವ್ರಿಗೂ ಪೂಜೆ ಮಾಡ್ಬಿಟ್ವಿ." ನಾನು ಆ ಕಡೆ ಮುಖ ತಿರುಗಿಸಿಕೊಂಡೆ. ನನ್ನನ್ನು ಸತ್ತವನೆಂದುಕೊಂಡರು ಎಂದು ಅಲ್ಲ. ಮುನಿರಾಜು ಕಣ್ಣು ಒರೆಸಿಕೊಳ್ಳುತ್ತಾನೆ ಎಂದು. ಏನು ಮಾಡಲೂ ತೋಚದೆ ಗೊಂಬೆಯ ಕೊಳವೆ ಸ್ವಲ್ಪ ಸೊಟ್ಟಗಿದ್ದಂತೆ ಕಂಡು ಅದಕ್ಕೆ ಕೈ ಹಾಕಿದೆ. "ಅಯ್ಯಯ್ಯೋ, ಮುಟ್ಬೇಡಿ ಸಾರ್, ಕೈ ಸುಡುತ್ತೆ! ಹೊಸಬ್ರು ಎಲ್ಲಾ ಮಾಡೋ ತಪ್ಪೇ ಅದು" ಎಂದು ರತ್ನಮ್ಮ ನನ್ನ ಕೈ ಸರಿಸಿದರು. ಆಮೇಲೆ ಸಮಾಧಾನ ಮಾಡುವವರಂತೆ, "ಆಸಕ್ತಿ ಇದ್ರೆ ಭಾನುವಾರ ಬನ್ನಿ. ಮುನಿರಾಜಣ್ಣ ಇಲ್ಲಿಗೇ ಬರ್ತಾರೆ, ಮೊದಲಿಂದ ಹೇಳ್ಕೊಡ್ತಾರೆ. ನಿಮ್ಮ ವಯಸ್ಸಿನೋರೂ ಕಲೀತಾ ಅವ್ರೆ" ಎಂದರು. ಬಸ್ಸಿನಲ್ಲಿ ಸರಸ್ವತಿ ಕೋಲಾರದವರೆಗೂ ನಕ್ಕಳು, ಕೋಲಾರದಿಂದಾಚೆಗೆ ಅತ್ತಳು. ನಾನು ಎರಡನ್ನೂ ಒಟ್ಟಿಗೇ ಮಾಡಿದೆ.

ಭಾನುವಾರ ಹೋದೆ. ರತ್ನಮ್ಮನ ಅಂಗಳದಲ್ಲಿ ಹತ್ತಿಪ್ಪತ್ತು ಜನ ಚಾಪೆಯ ಮೇಲೆ ಕುಳಿತಿದ್ದರು. ಹೆಂಗಸರು, ಬ್ಯಾಂಕಿನವರು, ಲಕ್ಕೂರಿನ ಕಡೆಯಿಂದ ಬಂದ ಫ್ಯಾಕ್ಟರಿ ಕೆಲಸದವರು. ಅರ್ಧ ಜನರ ಕೈಯಲ್ಲಿ ಬೆನ್ನು ಬಿಚ್ಚಿದ ಸೆಲ್ಲಿನ ಶೆಟ್ಟಿಗಳು. ಮುನಿರಾಜು ಸ್ಟೂಲಿನ ಮೇಲೆ ಕುಳಿತು ಗಡಿಯಾರ ಬಿಚ್ಚುತ್ತಿದ್ದ. ಬಾಗಿಲಲ್ಲಿ ನನ್ನನ್ನು ಕಂಡು ಅವನ ಕೈ ನಿಂತಿತು. ಗಡಿಯಾರವನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಕೊನೆಗೆ, "ಹೊಸಬ್ರಾ? ಬನ್ನಿ, ಮುಂದೆ ಬಂದು ಕೂತ್ಕೊಳ್ಳಿ" ಎಂದ. ಮುಂದೆ ಹೋಗಿ ಅವನ ಕಾಲಬುಡದಲ್ಲೇ ಕುಳಿತೆ. ಯಾರಿಗೂ ಕಾಣದ ಹಾಗೆ ನನ್ನ ಭುಜದ ಮೇಲೆ ಕೈಯಿಟ್ಟು ಒಂದು ಸಲ ಒತ್ತಿದ. ಅವನ ಕೈಯಲ್ಲಿ ಅದೇ ಮೆಷಿನ್ ಎಣ್ಣೆಯ ವಾಸನೆ.

ಹೊಸಬರು ಬಂದ ದಿನ ಹಳೆಯ ಕತೆ ಹೇಳುವುದು ಅಲ್ಲಿಯ ರೂಢಿಯಂತೆ. ಮುನಿರಾಜು ಈಗ ಅಂಗಳದ ಗೋಡೆಗೆ ನೇತುಹಾಕಿದ್ದ ಅದೇ ಫೋಟೋ ತೋರಿಸಿ, ನನ್ನ ಮುಖ ನೋಡದೆ ಶುರು ಮಾಡಿದ. "ನಮ್ಮ ಶೇಷಾದ್ರಿ ಅಂದ್ರೆ ಏನಂದ್ಕೊಂಡ್ರಿ? ಆವಯ್ಯನಿಗೆ ಸಿಟ್ಟು ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ. ಹಮ್ಮು ಅನ್ನೋದು ಹತ್ರಕ್ಕೂ ಸುಳೀತಿರ್ಲಿಲ್ಲ. 'ಮುನಿರಾಜು, ಇದು ನಮ್ಮಿಬ್ರ ಹತ್ರಾನೇ ಉಳೀಬಾರ್ದು ಕಣೋ. ಬಂದೋರಿಗೆಲ್ಲಾ ಹೇಳ್ಕೊಡು, ಸೆಲ್ಲಿನ ಶೆಟ್ಟಿ ಹಿಡ್ಕೊಂಡು ಬಂದೋರ್ನೂ ವಾಪಸ್ ಕಳಿಸ್ಬೇಡ' ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ದು ಅವ್ರೇ." ಅಂಗಳದಲ್ಲಿದ್ದವರೆಲ್ಲ ಫೋಟೋಗೆ ಕೈ ಮುಗಿದರು. ಅಷ್ಟು ದೊಡ್ಡ ಮನಸ್ಸಿನ ಮನುಷ್ಯನನ್ನು ನಾನೂ ಎಂದೂ ಕಂಡಿರಲಿಲ್ಲ. ಭಕ್ತಿಯಿಂದ ನಾನೂ ಕೈ ಮುಗಿದೆ.