ಮಾಮಿಯ ಸ್ಟೆಬಿಲೈಸರ್

ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ರೈಲು ಹತ್ತಿದ ಮರುದಿನ ಬೆಳಿಗ್ಗೆ, ವೃಂದಾಳ ಕೀಲ್ಪಾಕಿನ ಮನೆಗೆ ಮೊದಲು ಬಂದವರು ಎದುರುಮನೆಯ ಜಯಲಕ್ಷ್ಮೀ ಮಾಮಿ.

"ಕಾಫಿ ಕುಡಿ ಕಣ್ಣಾ." ಲೋಟ ಕೈಗಿಟ್ಟು ಗಂಟಲು ಸರಿಮಾಡಿಕೊಂಡರು. "ಕೇಳಬಾರದು, ಆದ್ರೂ ಕೇಳ್ತೀನಿ. ನಮ್ಮ ಫ್ರಿಜ್ಜಿನ ಸ್ಟೆಬಿಲೈಸರ್ ಎಲ್ಲಿ?"

ಅದನ್ನು ಗಂಡ ಕೃಷ್ಣಪ್ರಸಾದ ತಾಂಬರಂನ ತನ್ನ ಲ್ಯಾಬಿಗೆ ಎರವಲು ಒಯ್ದಿದ್ದ. ಅಲ್ಲಿ ಕರೆಂಟು ಏರಿಳಿದಾಗಲೆಲ್ಲ ಎಕ್ಸ್-ರೇ ಯಂತ್ರದ ಗ್ರಾಫು ಬೋಳಿಸದ ಗಡ್ಡದಂತಾಗಿ, ಹುಡುಕುವ ಧಾತುವಿನ ಗುರುತು ಅದರಲ್ಲಿ ಮುಚ್ಚಿಹೋಗುತ್ತಿತ್ತು. ಅದರ ಚಿಂತೆಯಲ್ಲಿ ಅವನು ತನ್ನ ಗಡ್ಡ ಮರೆತಿದ್ದ.

ವೃಂದಾ ಅದನ್ನು ತರಲು ಹೋದಾಗ, ಲ್ಯಾಬಿನ ಮುಖ್ಯಸ್ಥ ಬದರಿನಾಥರು ಮಗಳನ್ನು ಕೊಡಲೊಪ್ಪದ ತಂದೆಯಂತೆ ಸ್ಟೆಬಿಲೈಸರಿಗೆ ಅಡ್ಡ ನಿಂತರು.

"ಮುಟ್ಟಬೇಡಿ! ಇದು ಬಂದ್ಮೇಲೆ ಗ್ರಾಫ್ ನುಣ್ಣಗಾಯ್ತು. ಈ ಮೂಲೇಲಿ ನೋಡಿ, ಹೊಸ ಶಿಖರ! ಪ್ರಪಂಚದಲ್ಲಿ ಯಾರೂ ಕಂಡಿಲ್ಲ. ಜರ್ನಲ್ಲಿಗೆ ಪೇಪರ್ ರೆಡಿ."

ಪೇಪರಿನ ನೆತ್ತಿಯ ಮೇಲೆ ಬದರಿನಾಥರ ಹೆಸರೊಂದೇ ಇತ್ತು.

"ನಮ್ಮವರ ಹೆಸರು?" ವೃಂದಾ ಕೇಳಿದಳು.

"ಕೊನೇಲಿ ಕೃತಜ್ಞತೆ ಇದೆಯಲ್ಲ. ಎಲೆಕ್ಟ್ರಿಷಿಯನ್ ಕಾಂತಪ್ಪನ ಪಕ್ಕದಲ್ಲೇ."

"ಮೊದಲು ಹಾಕಿ."

"ಹೋದವರಿಗೆ ಪ್ರಮೋಷನ್ ಯಾಕಮ್ಮಾ?"

ಗಂಡ ಹೋದ ಮೇಲೆ ವೃಂದಾಳಿಗೆ ಮೊದಲ ಬಾರಿಗೆ ಏನೋ ಅನ್ನಿಸಿತು. ಅದು ಸಿಟ್ಟು. "ಹಾಕದಿದ್ರೆ ಇಲ್ಲೇ ಕೂತು ಅಳ್ತೀನಿ. ಜೋರಾಗಿ."

ಬದರಿನಾಥರು ಬೆವರಿದರು. ಕೃಷ್ಣಪ್ರಸಾದನ ಹೆಸರು ಮೇಲೇರಿತು. ಅವಳ ಕಣ್ಣೆದುರೇ ಪೇಪರು ಇ-ಮೇಲಿನಲ್ಲಿ ಹೋಯಿತು. "ಇದನ್ನೂ ತಗೊಂಡ್ಹೋಗಿ. ಸ್ಟೋರ್ಸಿಂದ ಹೊಸದು ತರಿಸ್ತೀನಿ."

ಎಲೆಕ್ಟ್ರಿಕ್ ರೈಲಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಕೊಡುವ ಮುಂಚೆ ಪರೀಕ್ಷಿಸೋಣವೆಂದು ಒರೆಸಿ ಪ್ಲಗ್ ಹಾಕಿ, ಪಕ್ಕದ ಟೀವಿ ಹಚ್ಚಿದಳು.

ಟಕ್. ಪರದೆಯ ಮೇಲೊಂದು ಬಿಳಿ ಗೆರೆ. ಟಕ್. ಇನ್ನೊಂದು.

ವೃಂದಾ ಭೌತಶಾಸ್ತ್ರದ ಎಂ.ಎಸ್ಸಿ. ಅವಳಿಗೆ ಹೊಳೆಯಿತು: ಈ ಪ್ರತಿ ಟಕ್ಕನ್ನೂ ಲ್ಯಾಬಿನ ಯಂತ್ರ ಒಂದು ಎಕ್ಸ್-ರೇ ಎಂದು ಎಣಿಸಿಕೊಂಡು, ಎಲ್ಲವನ್ನೂ ಒಂದೇ ಮೂಲೆಯಲ್ಲಿ ರಾಶಿ ಹಾಕಿತ್ತು. ಪ್ರಪಂಚದಲ್ಲಿ ಯಾರೂ ಕಾಣದ ಶಿಖರ ಮಾಮಿಯ ಸ್ಟೆಬಿಲೈಸರಿನದು.

ಫೋನು ಬಡಿದುಕೊಂಡಿತು. "ಅಮ್ಮಾ, ಬದರಿನಾಥ. ಹೊಸ ಸ್ಟೆಬಿಲೈಸರ್ ಹಾಕಿದ್ವಿ. ಶಿಖರ... ಅದಿರಲಿ. ಯೋಚನೆ ಮಾಡ್ದೆ. ಅವರ ಸಾಧನೇಲಿ ನಾನು ಪಾಲು ಕೇಳೋದು ಪಾಪ. ನನ್ನ ಹೆಸರು ತೆಗೆಸಿದೀನಿ."

"ಸಾರ್, ಪೇಪರ್ ವಾಪಸ್ ತರಿಸಿ!"

"ಬರೆದವರೇ ಕೇಳಬೇಕಂತಮ್ಮಾ. ನಂದೇನಿದೆ ಈಗ?"

ವೃಂದಾ ಪ್ಲಗ್ ಕಿತ್ತು, ವೈರು ಸುತ್ತಿ, ಎದುರುಮನೆಯ ಬಾಗಿಲು ತಟ್ಟಿದಳು.

"ತಗೊಳ್ಳಿ ಮಾಮಿ."

"ಟಕ್ ಟಕ್ ಅನ್ನೋದೊಂದು ಬಿಟ್ರೆ ಒಳ್ಳೇ ಪೆಟ್ಟಿಗೆ," ಮಾಮಿ ಅದರ ತಲೆ ಸವರಿದರು. "ಪಾಪ, ಅವನಿಗೆ ಉಪಯೋಗ ಆಯ್ತಾ?"

"ಆಯ್ತು ಮಾಮಿ. ಪೇಪರಲ್ಲಿ ಅವರೊಬ್ಬರದೇ ಹೆಸರು."